ಹಣ್ಣ ಮೆಣಸಿನಕಾಯಿ ಜೆಲ್ಲಿಗೆ ತರಿಸಿದ ಕ್ಯಾನಿಂಗ್ ಜಾರ್ ಸೆಟ್, ಬಳ್ಳಾರಿ ಅಡಿಗಿಮನಿಯಿಂದ ರಿವ್ಯೂ

ಮೊದ್ಲ ಹೇಳಿಬಿಡ್ತೀನಿ, ಜಾರ್ ಚಲೋ ಅದಾವ, ಮುಚ್ಚಳ ಇನ್ನೂ ಚಲೋ ಅದಾವ, ತಗೊಳ್ಳೋರು ಧೈರ್ಯವಾಗಿ ತಗೋರಿ. ಆದ್ರ ಬಾಕ್ಸ್ ಜೊತಿ ಬಂದ ಕಾಗದದಾಗ ಇದ್ದದ್ದನ್ನಷ್ಟ ನಂಬಿಕೊಂಡು ನಮ್ಮ ಬಳ್ಳಾರಿ ಕೊಪ್ಪಳ ರಾಯಚೂರು ಕಡೆ ಜೆಲ್ಲಿ ಮಾಡಬ್ಯಾಡ್ರಿ, ಅದರಾಗ ಎರಡು ಮುಖ್ಯ ಮಾತು ಬಿಟ್ಟಾರ, ಒಂದು ವಿನೆಗರ್ ದು, ಇನ್ನೊಂದು ಕುದಿಸೋ ಟೈಮ್ ದು. ಅದನ್ನ ಹೇಳಾಕಂತನ ಇಷ್ಟುದ್ದ ಬರಿಯಾಕ ಕುಂತೀನಿ.

ಕ್ಯಾನಿಂಗ್ ಅಂದ್ರ ತಿನ್ನೋ ಪದಾರ್ಥ ಜಾರಿಗೆ ತುಂಬಿ, ಕುದಿನೀರಾಗ ಇಟ್ಟು, ಗಾಳಿ ಹೋಗದಂಗ ಸೀಲ್ ಮಾಡಿ ಕಾದಿಡೋದು. ನಾ ತರಿಸಿದ್ದು 240 ಎಂಎಲ್ ಗಾಜಿನ ಜಾರ್‌ಗಳ ಸೆಟ್, ಎರಡು ಭಾಗದ ಮುಚ್ಚಳ ಇರೋದು. ಜೊತಿಗೆ ಅಗಲ ಬಾಯಿ ಫನಲ್, ಬಿಸಿ ಜಾರ್ ಎತ್ತೋ ಇಕ್ಕಳ, ತುದಿಗೆ ಮ್ಯಾಗ್ನೆಟ್ ಇರೋ ಕಡ್ಡಿ, ಗಾಳಿ ಗುಳ್ಳಿ ಬಿಡಿಸಾಕ ಒಂದು ಪ್ಲಾಸ್ಟಿಕ್ ಪಟ್ಟಿ. ಆನ್‌ಲೈನ್‌ನಾಗ ತರಿಸಿದೆ, ಬಳ್ಳಾರಿ ಪಾತ್ರಿ ಅಂಗಡಿಯೊಳಗ ಕೇಳಿದ್ರ ಒಂದ ತುಂಡಿನ ಮುಚ್ಚಳದ ಉಪ್ಪಿನಕಾಯಿ ಬಾಟ್ಲಿ ತೋರಿಸ್ತಾರ, ಈ ಕೆಲಸಕ್ಕ ಅವು ಆಗಂಗಿಲ್ಲ.

ಹಾಟ್ ಪೆಪ್ಪರ್ ಜೆಲ್ಲಿ ಅಂದ್ರ ಏನು ಅಂತ ಗೊತ್ತಿಲ್ದೋರಿಗೆ: ಖಾರ ಮೆಣಸಿನಕಾಯಿ, ಡೊಣ್ಣ ಮೆಣಸಿನಕಾಯಿ, ವಿನೆಗರ್, ಸಕ್ರಿ, ಪೆಕ್ಟಿನ್ (ಜೆಲ್ಲಿ ಗಟ್ಟಿ ಮಾಡೋ ಪದಾರ್ಥ) ಇಷ್ಟ ಹಾಕಿ ಮಾಡೋ ಸಿಹಿ ಖಾರದ ಜೆಲ್ಲಿ. ಅಮೆರಿಕಾದ ದಕ್ಷಿಣದ ಕಡೆ ಮನಿ ಮನಿಯೊಳಗ ಮಾಡ್ತಾರ, ಕ್ರೀಮ್ ಚೀಸ್ ಮ್ಯಾಲ ಸುರಿದು ಬಿಸ್ಕೀಟ್ ಜೊತಿ ತಿಂತಾರ. ನಮ್ಮ ಕಡೆ ಕೆಂಪು ಹಣ್ಣ ಮೆಣಸಿನಕಾಯಿ ಬಂತಂದ್ರ ರಂಜಕ ರುಬ್ಬಿ ಡಬ್ಬಿ ತುಂಬ್ತೀವಿ, ಉಳಿದದ್ದು ಕಣದಾಗ ಒಣಗ್ತೈತಿ. ಕುರುಗೋಡು, ಸಿರುಗುಪ್ಪ, ತೆಕ್ಕಲಕೋಟಿ ಕಡೆ ಚಳಿಗಾಲ ಪೂರ್ತಿ ಹೊಲ ಕೆಂಪಗ ಇರ್ತಾವ, ಬ್ಯಾಡಗಿ ಊರು ಇರೋದು ಹಾವೇರಿ ಜಿಲ್ಲೆದಾಗ ಆದ್ರೂ ಅಲ್ಲಿ ಮಾರ್ಕೆಟಿಗೆ ಹೋಗೋ ಮಾಲಿನಾಗ ನಮ್ಮ ಕಡಿದು ಬಹಳ. ಅಷ್ಟು ಹಣ್ಣು ಕೈಗೆ ಸಿಗೋ ಊರಾಗ ಇದ್ದು ಹಸಿ ಹಣ್ಣಿಗೆ ಒಣಗಿಸೋದು ರುಬ್ಬೋದು ಬಿಟ್ರ ಬ್ಯಾರೆ ದಾರಿನ ಇಲ್ಲೇನು ಅಂತ ನನಗ ಭಾಳ ದಿನದಿಂದ ತಲಿಯಾಗ ಇತ್ತು.

ಈಗ ಜಾರ್ ವಿಷಯ. ಗಾಜು ದಪ್ಪ ಐತಿ, ತಳ ಸಮ ಕೂಡ್ತೈತಿ, ಬಾಯಿ ಅಂಚು ನುಣ್ಣಗ ಐತಿ. ಬಾಕ್ಸ್ ಬಂದ ಕೂಡ್ಲೇ ಮಾಡಬೇಕಾದ ಕೆಲಸ ಒಂದ, ಪ್ರತಿ ಜಾರಿನ ಬಾಯಿ ಸುತ್ತ ಬೆರಳು ಆಡಿಸಿ ನೋಡೋದು. ನನಗ ಬಂದದ್ದರಾಗ ಒಂದರ ಅಂಚು ಅಕ್ಕಿಕಾಳಷ್ಟು ಚಕ್ಕಿ ಎದ್ದಿತ್ತು, ಕಣ್ಣಿಗೆ ಕಾಣ್ತಿರಲಿಲ್ಲ, ಬೆರಳಿಗೆ ಹತ್ತಿತು. ಅಂಥ ಜಾರ್ ಬೆಲ್ಲ ಸಕ್ರಿ ಹಾಕಿ ಇಡಾಕ ನಡಿತೈತಿ, ಸೀಲ್ ಮಾಡಾಕ ಬರಂಗಿಲ್ಲ, ಯಾಕಂದ್ರ ಅಲ್ಲಿಂದನ ಗಾಳಿ ಒಳಗ ಹೋಗ್ತೈತಿ. ಫೋಟೋ ಕಳಿಸಿದ್ಮ್ಯಾಲ ಬ್ಯಾರೆ ಕಳಿಸಿಕೊಟ್ರು, ತಡ ಆಯ್ತು ಆದ್ರ ಕೊಟ್ರು.

ಮುಚ್ಚಳದ ಕರಾಮತ್ತು ನೋಡ್ರಿ. ಇದು ಎರಡು ತುಂಡು, ಒಂದು ಚಪ್ಪಟಿ ತಗಡಿನ ಬಿಲ್ಲಿ, ಅದರ ಒಳಗಿನ ಅಂಚಿಗೆ ರಬ್ಬರಿನಂಥ ಮೆತ್ತನ ಪಟ್ಟಿ, ಇನ್ನೊಂದು ಬರೇ ಉಂಗುರ, ತಿರುವೋದು. ಸ್ಕ್ರೂ ಬಾಯಿ ಜಾರಿಗೆ ಜಾನ್ ಮೇಸನ್ ಅನ್ನೋರು 1858 ರಾಗ ಪೇಟೆಂಟ್ ತಗೊಂಡ್ರು, ಅದಕ್ಕ ಇವತ್ತಿಗೂ ಮೇಸನ್ ಜಾರ್ ಅಂತಾರ, ಈ ಎರಡು ತುಂಡಿನ ಮುಚ್ಚಳ ಆಮ್ಯಾಲ ಬಂದದ್ದು. ಕುದಿಯೋ ನೀರಾಗ ಇಟ್ಟಾಗ ಒಳಗಿನ ಗಾಳಿ ಹಿಗ್ಗಿ ಬಿಲ್ಲಿ ಸಂದಿನಿಂದ ಹೊರಗ ಹೋಗ್ತೈತಿ, ಆ ಬಿಸಿಗೆ ಪಟ್ಟಿ ಮೆತ್ತಗಾಗಿ ಅಂಚಿಗೆ ಕೂಡ್ತೈತಿ, ಆರೋವಾಗ ಒಳಗ ಒತ್ತಡ ಕಮ್ಮಿ ಆಗಿ ಹೊರಗಿನ ಗಾಳಿ ಬಿಲ್ಲಿನ ಕೆಳಗ ಒತ್ತಿ ಹಿಡಿತೈತಿ. ಅದಕ್ಕ ಉಂಗುರನ ಭೀಮಬಲ ಹಾಕಿ ತಿರುವಬಾರದು, ಬೆರಳ ತುದಿಲೆ ತಿರುವಿ ನಿಂತಲ್ಲಿಗೆ ಬಿಡಬೇಕು, ಇಲ್ಲಾಂದ್ರ ಗಾಳಿ ಹೊರಗ ಹೋಗಾಕ ಜಾಗನ ಇರಂಗಿಲ್ಲ. ನಮ್ಮನಿಯವ್ರು ಸಹಾಯ ಮಾಡ್ತೀನಂತ ಬಂದು ಗಟ್ಟಿ ಬಿಗಿಯಾಕ ಹತ್ತಿದ್ರು, ಕೈಯಿಂದ ಇಸ್ಕೊಂಡೆ.

ನಮ್ಮ ಅತ್ತಿ ಎಲ್ಲಾ ನೋಡಿಕೋತ ಕುಂತವ್ರು ಒಂದ ಪ್ರಶ್ನೆ ಕೇಳಿದ್ರು. "ಅಲ್ಲವಾ, ಉಪ್ಪು ಹಾಕಿಲ್ಲ, ಎಣ್ಣಿ ಹಾಕಿಲ್ಲ, ಬಿಸ್ಲಿಗೆ ಇಟ್ಟಿಲ್ಲ, ಇದು ಹೆಂಗ ತಡಿತೈತಿ?" ಈ ಪ್ರಶ್ನೆ ಕೇಳಬೇಕಾದ್ದು ನಿಜ, ಮತ್ತ ಇದಕ್ಕ ಉತ್ತರ ಗೊತ್ತಿಲ್ದ ಯಾರೂ ಜಾರ್ ತುಂಬಬಾರದು. ನಮ್ಮ ಉಪ್ಪಿನಕಾಯಿ ತಡಿಯೋದು ಉಪ್ಪಿನಿಂದ, ಹುಳಿಯಿಂದ, ಮ್ಯಾಲ ನಿಲ್ಲೋ ಎಣ್ಣಿಯಿಂದ. ಈ ಜೆಲ್ಲಿ ತಡಿಯೋದು ವಿನೆಗರಿನ ಹುಳಿ, ಒಂದು ಕೇಜಿ ಹತ್ರ ಸಕ್ರಿ, ಆಮ್ಯಾಲ ಕುದಿನೀರಿನ ಬಿಸಿ, ಈ ಮೂರರಿಂದ. ಮೆಣಸಿನಕಾಯಿಗೆ ತನ್ನಷ್ಟಕ್ಕ ಹುಳಿ ಸಾಲಂಗಿಲ್ಲ. ಗಾಳಿ ಇಲ್ದ ಮುಚ್ಚಿದ ಜಾರಿನಾಗ, ಹುಳಿ ಕಮ್ಮಿ ಇದ್ರ, ಅಂದ್ರ ಹುಳಿ ಅಳಿಯೋ ಪಿಎಚ್ ಅಂಕಿ (ಹುಳಿ ಕಮ್ಮಿ ಆದಂಗ ಇದು ಏರ್ತೈತಿ) 4.6 ಕ್ಕಿಂತ ಮ್ಯಾಲಿದ್ರ, ಬಾಟುಲಿಸಂ ಅನ್ನೋ ಜೀವ ತಗಿಯೋ ಕಾಯಿಲೆ ತರೋ ಬ್ಯಾಕ್ಟೀರಿಯಾ ಬೆಳದು ವಿಷ ಮಾಡ್ತೈತಿ, ಆ ವಿಷಕ್ಕ ವಾಸನಿನೂ ಇರಂಗಿಲ್ಲ, ನೋಡಿದ್ರ ಜಾರ್ ಚಂದನ ಕಾಣ್ತೈತಿ. ಅದರ ಬೀಜಾಣು ನೂರು ಡಿಗ್ರಿ ಕುದಿಗೆ ಸಾಯಂಗಿಲ್ಲ, ಹುಳಿ ಇದ್ರ ಮಾತ್ರ ಮೊಳಿಯಂಗಿಲ್ಲ. ಹಿಂಗಾಗಿ ವಿನೆಗರ್ ಇಲ್ಲಿ ರುಚಿಗೆ ಹಾಕೋ ಪದಾರ್ಥ ಅಲ್ಲ, ಕಾವಲು. ಹುಳಿ ಜಾಸ್ತಿ ಆತು ಅಂತ ಅರ್ಧ ಕಪ್ ಕಮ್ಮಿ ಮಾಡೋದು, ನೀರು ಬೆರೆಸೋದು ಎಂದೂ ಮಾಡಬ್ಯಾಡ್ರಿ.

ಇಲ್ಲಿ ಐತಿ ಆ ಕಾಗದ ಹೇಳದ ಮೊದಲ್ನೇ ಮಾತು. ಅಮೆರಿಕಾದ ಪರೀಕ್ಷೆ ಮಾಡಿದ ರೆಸಿಪಿಗಳೆಲ್ಲಾ 5 ಪರ್ಸೆಂಟ್ ಆಮ್ಲದ ವಿನೆಗರಿಗೆ ಲೆಕ್ಕ ಹಾಕಿದ್ದು. ನಮ್ಮ ಕಿರಾಣಿ ಅಂಗಡಿಯೊಳಗ ಗೋಬಿ ಮಂಚೂರಿ, ನೂಡಲ್ಸ್‌ಗಂತ ಸಿಗೋ ಬಿಳಿ ಸಿಂಥೆಟಿಕ್ ವಿನೆಗರ್ ಬಾಟ್ಲಿ ತಿರುವಿ ಸಣ್ಣ ಅಕ್ಷರ ಓದ್ರಿ, ಬಹಳಷ್ಟರ ಮ್ಯಾಲ 4 ಪರ್ಸೆಂಟ್ ಅಂತ ಇರ್ತೈತಿ, ನಮ್ಮ ದೇಶದ ನಿಯಮದ ಪ್ರಕಾರ 3.75 ಇದ್ರೂ ಸಾಕು. ಅವರು ತಪ್ಪು ಮಾಡಿಲ್ಲ, ಅಡಿಗಿಗೆ ಅದು ಸಾಕು, ಆದ್ರ ಕ್ಯಾನಿಂಗ್‌ಗೆ ಸಾಲಂಗಿಲ್ಲ. 5 ಅಂತ ಬರೆದಿರೋ ಬಾಟ್ಲಿನ ಹುಡುಕಬೇಕು. ಆಪಲ್ ಸೈಡರ್ ವಿನೆಗರ್‌ನಾಗ 5 ಇರೋದು ಸುಲಭ ಸಿಗ್ತೈತಿ, ಸ್ವಲ್ಪ ಕಂದು ಬಣ್ಣ ಇರ್ತೈತಿ, ಕೆಂಪು ಮೆಣಸಿನಕಾಯಿ ಜೆಲ್ಲಿಯಾಗ ಅದು ಗೊತ್ತೂ ಆಗಂಗಿಲ್ಲ. ಬಳ್ಳಾರಿಯಾಗ ದೊಡ್ಡ ಸೂಪರ್ ಮಾರ್ಕೆಟ್‌ಗೆ ಹೋದ್ರ ಸಿಗ್ತೈತಿ, ಹೆಸರು ನೋಡಬ್ಯಾಡ್ರಿ ನಂಬರ್ ನೋಡ್ರಿ.

ನಾ ನೋಡಿ ಮಾಡಿದ ಅಳತಿ ಜಾರ್ಜಿಯಾ ಯೂನಿವರ್ಸಿಟಿಯೊಳಗಿರೋ ನ್ಯಾಷನಲ್ ಸೆಂಟರ್ ಫಾರ್ ಹೋಮ್ ಫುಡ್ ಪ್ರಿಸರ್ವೇಶನ್ ಅವರದು. ಹೆಚ್ಚಿದ ಡೊಣ್ಣ ಮೆಣಸಿನಕಾಯಿ 5 ಕಪ್, ಖಾರದ ಮೆಣಸಿನಕಾಯಿ ಅರ್ಧ ಕಪ್, ವಿನೆಗರ್ ಒಂದೂವರಿ ಕಪ್, ಸಕ್ರಿ 5 ಕಪ್, ಲಿಕ್ವಿಡ್ ಪೆಕ್ಟಿನ್ 85 ಗ್ರಾಂ ಪೌಚ್ ಒಂದು, ಇಷ್ಟಕ್ಕ ಆರು ಜಾರ್ ಹತ್ರ ಬರ್ತೈತಿ. ಅವರು ಹಳದಿ ಡೊಣ್ಣ ಮೆಣಸಿನಕಾಯಿ ಹಾಕ್ತಾರ, ನಾ ಕೆಂಪು ಹಾಕಿದೆ. ಖಾರದ್ದು ಎಷ್ಟು ಸಪ್ಪಂದು ಎಷ್ಟು ಅನ್ನೋದು ನಿಮ್ಮ ನಾಲಿಗಿಗೆ ಬಿಟ್ಟದ್ದು, ಆದ್ರ ಎರಡೂ ಸೇರಿ ಐದೂವರಿ ಕಪ್ ದಾಟಬಾರದು, ದಾಟಿದ್ರ ಹುಳಿ ಲೆಕ್ಕ ತಪ್ಪತೈತಿ. ನನಗ ಚಲೋ ಅನ್ನಿಸಿದ್ದು ಬ್ಯಾಡಗಿ ಜಾತಿ ಹಣ್ಣು ಜಾಸ್ತಿ ಹಾಕಿ ಡೊಣ್ಣ ಮೆಣಸಿನಕಾಯಿ ಕಮ್ಮಿ ಮಾಡಿದ್ದು, ಬಣ್ಣ ಎದ್ದು ಬರ್ತೈತಿ, ಖಾರ ಹಿತ ಇರ್ತೈತಿ. ಗುಂಟೂರು ಜಾತಿದು ಹಾಕೋದಿದ್ರ ಅರ್ಧ ಕಪ್ಪಿಗೆ ನಿಲ್ಲಿಸ್ರಿ. ಖಾರ ಕಮ್ಮಿ ಮಾಡಬೇಕಂದ್ರ ಬೀಜ ಅಷ್ಟ ಉದುರಿಸಿದ್ರ ಆಗಂಗಿಲ್ಲ, ಬೀಜ ಹಿಡ್ಕೊಂಡಿರೋ ಒಳಗಿನ ಬಿಳಿ ತಿರುಳು ತಗೀಬೇಕು, ಖಾರ ಕುಂತಿರೋದು ಅಲ್ಲಿ. ಕೈಗೆ ಗ್ಲೌಸ್ ಹಾಕೋರಿ, ಗ್ಲೌಸ್ ಇಲ್ಲಾಂದ್ರ ಮೊದ್ಲ ಕೊಬ್ಬರಿ ಎಣ್ಣಿ ಹಚ್ಕೋರಿ, ಖಾರ ನೀರಾಗ ಕರಗಂಗಿಲ್ಲ, ಎಣ್ಣಿಯಾಗ ಕರಗ್ತೈತಿ.

ಎರಡೂ ಮೆಣಸಿನಕಾಯಿನ ಸ್ವಲ್ಪ ವಿನೆಗರ್ ಹಾಕಿ ಮಿಕ್ಸಿಯೊಳಗ ರುಬ್ಬಿ, ಉಳಿದ ವಿನೆಗರ್ ಸೇರಿಸಿ 20 ನಿಮಿಷ ಕುದಿಸಬೇಕು. ಅದರ ಘಾಟು ಅಂದ್ರ, ಒಣ ಮೆಣಸಿನಕಾಯಿ ಹುರಿಯೋ ಘಾಟು ನಮಗ ರೂಢಿ ಐತಿ, ಇದು ಹುಳಿ ಹಬಿ ಜೊತಿ ಸೇರಿ ಮೂಗಿಗೆ ಅಲ್ಲ ಸೀದಾ ಗಂಟಲಿಗೆ ಹೊಡಿತೈತಿ. ಕಿಟಕಿ ಬಾಗಲ ಎಲ್ಲಾ ತಗದು, ಸಣ್ಣ ಮಕ್ಕಳ್ನ, ದಮ್ಮಿನ ತ್ರಾಸ ಇದ್ದೋರ್ನ ಹೊರಗ ಕಳಿಸಿ ಮಾಡ್ರಿ. ಆಮ್ಯಾಲ ತೆಳು ಬಟ್ಟಿಯಾಗ ಕಟ್ಟಿ ತೂಗಬಿಡಬೇಕು, ತಾನಾಗೆ ಸೋರಬೇಕು, ಹಿಂಡಿದ್ರಿ ಅಂದ್ರ ಜೆಲ್ಲಿ ಮಬ್ಬಾಗ್ತೈತಿ. ಬಟ್ಟಿಯೊಳಗ ಉಳಿದ ಗಸಿ ಚೆಲ್ಲಬ್ಯಾಡ್ರಿ, ಬಳ್ಳೊಳ್ಳಿ ಜೀರಿಗಿ ಉಪ್ಪು ಹಾಕಿ ಒಗ್ಗರಣಿ ಕೊಟ್ರ ಅವತ್ತಿನ ರೊಟ್ಟಿಗೆ ಚಟ್ನಿ ಆತು, ಅತ್ತಿಗೆ ಜೆಲ್ಲಿಗಿಂತ ಅದ ಜಾಸ್ತಿ ಹಿಡಿಸ್ತು.

ಸೋಸಿದ ರಸ ಎರಡೂಕಾಲು ಕಪ್ ಅಳದು ತಗೊಂಡು ಸಕ್ರಿ ಕರಗಿಸಿ ಕುದಿ ಬಂದ ಮ್ಯಾಲ ಲಿಕ್ವಿಡ್ ಪೆಕ್ಟಿನ್ ಹಾಕಿ ಮತ್ತ ಕುದಿ ಬರಿಸಿ, ಸೌಟಿನಲೆ ತಿರುವಿದ್ರೂ ಇಳೀದಂಥ ಉಕ್ಕು ಕುದಿ, ಅದರಾಗ ಸರಿಯಾಗಿ ಒಂದು ನಿಮಿಷ. ಪಾತ್ರಿ ದೊಡ್ಡದು ಇಡ್ರಿ, ಉಕ್ಕಿ ಸ್ಟವ್ ಮ್ಯಾಲ ಬಿದ್ರ ಆ ಸಕ್ರಿ ಪಾಕ ಬಿಡಸಾಕ ಆಗಂಗಿಲ್ಲ. ಲಿಕ್ವಿಡ್ ಪೆಕ್ಟಿನ್ ನಮ್ಮಲ್ಲಿ ತುಟ್ಟಿ, ಹೊರದೇಶದ್ದು ಬರೋದು. ಕೇಕ್ ಸಾಮಾನಿನ ಅಂಗಡಿಯೊಳಗ ಪುಡಿ ಪೆಕ್ಟಿನ್ ಸಿಗ್ತೈತಿ, ಅಗ್ಗ, ಆದ್ರ ಅದನ್ನ ಲಿಕ್ವಿಡ್ ಜಾಗಕ್ಕ ಹಂಗ ಹಾಕಬಾರದು. ಲಿಕ್ವಿಡ್ ಸಕ್ರಿ ಆದ್ಮ್ಯಾಲ ಹೋಗ್ತೈತಿ, ಪುಡಿ ಸಕ್ರಿಗಿಂತ ಮೊದ್ಲ ಹೋಗ್ತೈತಿ, ಅಳತಿನೂ ಬ್ಯಾರೆ, ಪುಡಿ ಹಾಕೋದಿದ್ರ ಪುಡಿಗಂತನ ಇರೋ ರೆಸಿಪಿ ತಗೋರಿ. ಇನ್ನೊಂದು, ಪುಡಿಯೊಳಗ ಎರಡು ಜಾತಿ, ಎಚ್ಎಂ ಅಂತ ಒಂದು ಎಲ್ಎಂ ಅಂತ ಒಂದು, ಎಚ್ಎಂ ಗಟ್ಟಿ ಆಗಾಕ ಹುಳಿ ಮತ್ತ ಸಕ್ರಿ ಭಾಳ ಬೇಕು, ಎಲ್ಎಂ ಗೆ ಕ್ಯಾಲ್ಸಿಯಂ ಬೇಕು. ಬಿಡಿಯಾಗಿ ಕಟ್ಟಿ ಕೊಡೋ ಪಾಕೀಟಿನ ಮ್ಯಾಲ ಯಾವುದು ಅಂತ ಬರೆದಿರಂಗಿಲ್ಲ, ಕೇಳಿ ತಗೋರಿ, ಅವರಿಗೂ ಗೊತ್ತಿಲ್ಲಂದ್ರ ಬಿಡ್ರಿ. ಸಕ್ರಿ ಕಮ್ಮಿ ಮಾಡಬೇಕು ಅನ್ನೋರು ಈ ಅಳತಿಯೊಳಗ ಕಮ್ಮಿ ಮಾಡಿದ್ರ ಜೆಲ್ಲಿ ಬದ್ಲಿ ಶರಬತ್ ಆಗ್ತೈತಿ. ಒಮ್ಮೆ ಡಬಲ್ ಮಾಡೋದೂ ಬ್ಯಾಡ, ಪಾತ್ರಿ ತುಂಬ ಇದ್ರ ಕುದಿ ಬರಾಕ ಹೊತ್ತು ಹಿಡಿತೈತಿ, ಅಷ್ಟರಾಗ ಪೆಕ್ಟಿನ್ ತಾಕತ್ತು ಹೋಗ್ತೈತಿ.

ಫನಲ್ ಇಲ್ಲಿ ಭಾಳ ಉಪಯೋಗ ಆತು, ಅಂಚಿಗೆ ಒಂದು ಹನಿ ಹತ್ತಂಗಿಲ್ಲ. ಬಿಸಿ ಜಾರಿಗೆ ಬಿಸಿ ಜೆಲ್ಲಿ, ಮ್ಯಾಲ ಕಾಲು ಇಂಚು ಜಾಗ ಬಿಟ್ಟು. ಪ್ಲಾಸ್ಟಿಕ್ ಪಟ್ಟಿ ತುದಿಯೊಳಗ ಮೆಟ್ಟಲ ಮೆಟ್ಟಲ ಕೊರದಾರ, ಅದನ್ನ ಅಂಚಿಗೆ ಇಟ್ರ ಕಾಲು ಇಂಚು ಎಲ್ಲಿ ಅಂತ ಗೊತ್ತಾಗ್ತೈತಿ. ಅಂಚು ಒರಿಸಿ ಬಿಲ್ಲಿ ಇಟ್ಟು ಉಂಗುರ ತಿರುವಿ ಕುದಿನೀರಿನ ಬೋಗೋಣಿಗೆ. ಬೋಗೋಣಿ ತಳಕ್ಕ ಕುಕ್ಕರಿನ ತೂತಿನ ಪ್ಲೇಟ್ ಹಾಕ್ರಿ, ಜಾರ್ ಸೀದಾ ತಳಕ್ಕ ಕುಂತ್ರ ಒಡಿತಾವ. ನೀರು ಮುಚ್ಚಳದ ಮ್ಯಾಲ ಒಂದೆರಡು ಇಂಚು ನಿಲ್ಲಬೇಕು. ನಮ್ಮ ಬೋರ್ ನೀರಿಗೆ ಜಾರ್ ಮ್ಯಾಲೆಲ್ಲಾ ಬಿಳಿ ಕಲಿ ಕುಂದರ್ತೈತಿ, ಆ ನೀರಿಗೆ ಸ್ವಲ್ಪ ಅಗ್ಗದ ವಿನೆಗರ್ ಹಾಕಿದ್ರ ಜಾರ್ ಫಳಫಳ ಹೊರಗ ಬರ್ತಾವ, 4 ಪರ್ಸೆಂಟಿನ ಬಾಟ್ಲಿಗೆ ಅದು ಚಲೋ ಕೆಲಸ.

ಎರಡ್ನೇ ಮಾತು ಇದು, ಟೈಮ್. ಕಾಗದದಾಗ 5 ನಿಮಿಷ ಅಂತ ಐತಿ. ಅದು ಸಮುದ್ರಮಟ್ಟದಿಂದ 1000 ಅಡಿ ತನಕ ಇರೋ ಊರಿಗೆ. ಬಳ್ಳಾರಿ 1500 ಅಡಿ ದಾಟತೈತಿ, ಕೊಪ್ಪಳ ಅದಕ್ಕಿಂತ ಮ್ಯಾಲ, ರಾಯಚೂರೂ 1300 ಹತ್ರ. ಎತ್ತರ ಹೋದಂಗ ನೀರು ಕಮ್ಮಿ ಬಿಸಿಗೆ ಕುದಿತೈತಿ, ನಮ್ಮಲ್ಲಿ 98 ಚಿಲ್ಲರಿ ಡಿಗ್ರಿಗೆ ಕುದಿ ಬಂದುಬಿಡ್ತೈತಿ, ಅದಕ್ಕ 1001 ರಿಂದ 6000 ಅಡಿ ತನಕ 10 ನಿಮಿಷ ಅಂತ ಆ ಸೆಂಟರ್‌ನವರ ಪಟ್ಟಿಯೊಳಗ ಐತಿ. ಇಷ್ಟು ಬಿಸಿಲಿನ ಊರಿನಾಗ ನೀರು ಕಮ್ಮಿ ಬಿಸಿಗೆ ಕುದಿತೈತಿ ಅಂದ್ರ ನಂಬಾಕ ಕಷ್ಟ, ಆದ್ರ ಬಿಸಿಲಿಗೂ ಇದಕ್ಕೂ ಸಂಬಂಧ ಇಲ್ಲ. ಜಾರ್ ಮಾರೋರು ಭಾರತಕ್ಕ ಮಾರ್ತಾರಂದ್ರ, ಬೆಂಗಳೂರು 3000 ಅಡಿ ಮ್ಯಾಲ ಐತಿ, ಈ ಒಂದು ಸಾಲು ಪ್ರಿಂಟ್ ಮಾಡಾಕ ಅವರಿಗೆ ಏನೂ ಖರ್ಚಾಗಂಗಿಲ್ಲ. ನನಗ ಈ ಸೆಟ್ ಮ್ಯಾಲಿರೋ ದೊಡ್ಡ ತಕರಾರು ಇದ. 10 ನಿಮಿಷ ಕುದಿಸೋದರಿಂದ ಒಂದು ಅನುಕೂಲ ಐತಿ, ಜಾರ್‌ಗಳನ್ನ ಮೊದ್ಲ ಬ್ಯಾರೆ ಸ್ಟೆರಿಲೈಜ್ ಮಾಡೋ ಜರೂರತ್ತಿಲ್ಲ, ತೊಳದು ಬಿಸಿಯಾಗಿಟ್ರ ಸಾಕು.

ಸ್ಟವ್ ಆರಿಸಿ ಐದು ನಿಮಿಷ ಬಿಟ್ಟು ಇಕ್ಕಳದಲೆ ಎತ್ತಬೇಕು. ಇಕ್ಕಳ ಗಟ್ಟಿ ಐತಿ, ಹಿಡಿಕಿಗೆ ರಬ್ಬರ್ ಐತಿ, ಜಾರಿನ ಕುತ್ತಿಗಿಗೆ ಸರಿಯಾಗಿ ಕೂಡ್ತೈತಿ, ಇದೊಂದಕ್ಕ ಆದ್ರೂ ಸೆಟ್ ತಗೋಬಹುದು. ಮ್ಯಾಗ್ನೆಟ್ ಕಡ್ಡಿ ಏನೂ ಪ್ರಯೋಜನ ಇಲ್ಲ. ಬಟ್ಟಿ ಮ್ಯಾಲ ಜಾರ್ ಇಟ್ಟು ಫ್ಯಾನ್ ಆರಿಸ್ರಿ, ಕುದಿ ಗಾಜಿಗೆ ತಣ್ಣನ ಗಾಳಿ ಬಡಿಬಾರದು, ಬಳ್ಳಾರಿಯಾಗ ಫ್ಯಾನ್ ಆರಿಸೋದಂದ್ರ ಎಲ್ಲರೂ ಮುಖ ಮುಖ ನೋಡ್ತಾರ ಆದ್ರೂ ಆರಿಸ್ರಿ. ಸ್ವಲ್ಪ ಹೊತ್ತಿಗೆ ಒಂದೊಂದ ಜಾರು ಟಕ್ ಅಂತ ಸದ್ದು ಮಾಡ್ತಾವ, ಬಿಲ್ಲಿ ಒಳಗ ಎಳ್ಕೊಂಡ ಸದ್ದು ಅದು. ಮರದಿನ ಬಿಲ್ಲಿ ನಡುವ ಬೆರಳಿಲೆ ಒತ್ತಿ ನೋಡ್ರಿ, ಮ್ಯಾಲ ಕೆಳಗ ಆಡಬಾರದು, ಉಂಗುರ ತಗದು ಬಿಲ್ಲಿ ಹಿಡಿದು ಎತ್ತಿದ್ರ ಜಾರ್ ಮ್ಯಾಲ ಬರಬೇಕು. ನನ್ನ ಜಾರ್ ಎಲ್ಲಾ ಸೀಲ್ ಆದವು. ಆಗದಿದ್ದ ಜಾರ್ ಇದ್ರ ಫ್ರಿಜ್ಜಿಗೆ ಇಟ್ಟು ಮೊದ್ಲ ಅದನ್ನ ಖರ್ಚು ಮಾಡ್ರಿ. ಜೆಲ್ಲಿ ಅವತ್ತ ನೀರಿನಂಗ ಕಂಡ್ರ ಗಾಬರಿ ಬ್ಯಾಡ, ಒಂದೆರಡು ದಿನ ಹಿಡಿಬಹುದು, ಅಲುಗಾಡಿಸಬ್ಯಾಡ್ರಿ ಅಷ್ಟ.

ಬಣ್ಣ ಹೆಂಗ ಬಂದೈತಿ ಅಂದ್ರ ಬೆಳಕಿಗೆ ಹಿಡಿದ್ರ ಕೆಂಪು ಗಾಜಿನ ಬಳಿ ನೋಡಿದಂಗ ಐತಿ. ಮೊದ್ಲ ಸಿಹಿ, ಆಮ್ಯಾಲ ಹುಳಿ, ನುಂಗಿದ ಮ್ಯಾಲ ಖಾರ ನಿಧಾನ ಏರ್ತೈತಿ. ಚೀಸ್ ಹಚ್ಚಿದ ಬ್ರೆಡ್ಡಿಗೆ ಚಲೋ, ಪನೀರ್ ಹುರಿದು ಮ್ಯಾಲ ಒಂದು ಚಮಚ ಹಾಕಿ ಹೊರಳಾಡಿಸಿದ್ರ ಭಾಳ ಚಲೋ. ಮಂಡಾಳ ಒಗ್ಗರಣಿ ಮಿರ್ಚಿ ಜೊತಿನೂ ತಿಂದು ನೋಡಿದ್ವಿ, ಮಿರ್ಚಿ ಬಜ್ಜಿ ಇದಕ್ಕ ಅದ್ದಿದ್ರ ಬಿಡಾಂಗಿಲ್ಲ, ಒಗ್ಗರಣಿಗೆ ಮಾತ್ರ ಸಿಹಿ ಸೇರಂಗಿಲ್ಲ. ಜ್ವಾಳದ ರೊಟ್ಟಿಗೆ ಹಚ್ಚಬ್ಯಾಡ್ರಿ, ರೊಟ್ಟಿಗೆ ರಂಜಕನ ಬೇಕು.

ಇಡೋ ವಿಷಯದಾಗ ನಮ್ಮ ಊರಿನ ಬಿಸಿಲು ದೊಡ್ಡ ತೊಂದರಿ. ಕ್ಯಾನಿಂಗ್ ಮಾಡಿದ್ದನ್ನ ತಣ್ಣಗ, ಕತ್ತಲ ಇರೋ ಜಾಗದಾಗ ಇಡಬೇಕು, ಏಪ್ರಿಲ್ ಮೇ ಒಳಗ 40 ದಾಟೋ ಊರಾಗ ಅಡಿಗಿಮನಿ ಮಾಡದಾಗ, ಸ್ಟವ್ ಹತ್ರ ಇಟ್ರ ಬಣ್ಣ ಕಂದಾಗ್ತೈತಿ, ಜೆಲ್ಲಿ ಮೆತ್ತಗಾಗಿ ನೀರು ಬಿಡ್ತೈತಿ. ದೇವರಮನಿ ಪಕ್ಕದ ಕತ್ತಲ ಕಪಾಟಿನ ಕೆಳಗಿನ ಖಾನೆದಾಗ ಇಟ್ಟೀನಿ, ಫ್ರಿಜ್ಜಿನಾಗ ಜಾಗ ಇದ್ದೋರು ಬ್ಯಾಸಗಿ ಪೂರ್ತಿ ಅಲ್ಲೇ ಇಡ್ರಿ. ಒಂದು ವರ್ಷದೊಳಗ ತಿನ್ನಬೇಕು, ಮುಚ್ಚಳ ತಗದ ಮ್ಯಾಲ ಫ್ರಿಜ್ ಬೇಕ ಬೇಕು. ತಗಿಯೋವಾಗ ಬಿಲ್ಲಿ ಉಬ್ಬಿದ್ರ, ಬೂಸರು ಕಂಡ್ರ, ಮ್ಯಾಲಿಂದು ತಗದು ಉಳಿದದ್ದು ತಿನ್ನೋದಲ್ಲ, ಪೂರ್ತಿ ಚೆಲ್ಲಬೇಕು.

ರೇಟ್ ಕಮ್ಮಿ ಏನಲ್ಲ, ಜಾರು ಪೆಕ್ಟಿನ್ನು ಎಲ್ಲಾ ಸೇರಿ ಮೊದಲ ಸಲ ಕೈಗೆ ಬಿಸಿ ಹತ್ತತೈತಿ. ಆದ್ರ ಜಾರು, ಉಂಗುರ ವರ್ಷಗಟ್ಟಲೆ ಬರ್ತಾವ. ಬಿಲ್ಲಿ ಮಾತ್ರ ಒಂದ ಸಲಕ್ಕ, ತಗದಮ್ಯಾಲ ಆ ಪಟ್ಟಿ ಮತ್ತ ಸೀಲ್ ಹಿಡಿತೈತಿ ಅಂತ ಭರೋಸೆ ಇಲ್ಲ, ಅದನ್ನ ಒಣ ಸಾಮಾನಿನ ಜಾರಿಗೆ ಬಳಸ್ರಿ. ಈ ಸೆಟ್ಟಿನಾಗ ಹೆಚ್ಚಿಗಿ ಬಿಲ್ಲಿ ಕೊಟ್ಟಿಲ್ಲ, ಅದು ಎರಡ್ನೇ ತಕರಾರು, ಹೊಸ ಮೆಣಸಿನಕಾಯಿ ಬರೋದ್ರೊಳಗ ಬರೇ ಬಿಲ್ಲಿ ಪಾಕೀಟು ತರಿಸಿ ಇಟ್ಕೋಬೇಕು. ಆರ್ಡರ್ ಮಾಡೋವಾಗ ಸೈಜ್ ನೋಡ್ರಿ, ರೆಗ್ಯುಲರ್ ಬಾಯಿ ಅಂದ್ರ 70 ಎಂಎಂ, ವೈಡ್ ಬಾಯಿ ಅಂದ್ರ 86 ಎಂಎಂ, ಫೋಟೋದಾಗ ಎರಡೂ ಒಂದ ಥರ ಕಾಣ್ತಾವ, ಈ 240 ಎಂಎಲ್ ಜಾರಿಗೆ 70 ದು ಬೇಕು.